ಹನ್ನೆರಡರ ಮೇಲೆ ಎರಡು: ಒಡಿಶಾದ ಬೆಟ್ಟದ ಶಾಲೆಗಳಲ್ಲಿ ಐದು ದಿನ

ಭಾನುವಾರ: ಪಲಾಸಾ, ಪಾರಳಾಖೆಮುಂಡಿ

ಶನಿವಾರ ಮಧ್ಯಾಹ್ನ ಬೆಂಗಳೂರಿನಲ್ಲಿ ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿದವಳು ಭಾನುವಾರ ಪಲಾಸಾದಲ್ಲಿ ಇಳಿದೆ. ಸ್ಟೇಷನ್ ಹೊರಗೆ ಎಲ್ಲಿ ನೋಡಿದರೂ ಗೋಡಂಬಿ ಅಂಗಡಿ. ಇದು ಇನ್ನೂ ಆಂಧ್ರ. ಒಂದು ಗಂಟೆ ಬಸ್ಸಿನಲ್ಲಿ ಕೂತರೆ ಒಡಿಶಾ. ಅಂಗಡಿ ಬೋರ್ಡುಗಳು ನಿಧಾನಕ್ಕೆ ತೆಲುಗಿನಿಂದ ಒಡಿಯಾಕ್ಕೆ ತಿರುಗುತ್ತವೆ. ಜನರ ಮಾತು ಮಾತ್ರ ಹಾಗೆ ತಿರುಗುವುದಿಲ್ಲ. ಪಾರಳಾಖೆಮುಂಡಿಯ ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುವ ಹೆಂಗಸು ನನ್ನ ಹತ್ತಿರ ತೆಲುಗು, ಪಕ್ಕದವನ ಹತ್ತಿರ ಒಡಿಯಾ, ಬೆಟ್ಟದಿಂದ ಇಳಿದು ಬಂದ ಸವರ ಬುಡಕಟ್ಟಿನವರ ಹತ್ತಿರ ಅವರದೇ ಸವರ ಭಾಷೆ ಮಾತಾಡುತ್ತಿದ್ದಳು.

ಗೆಳತಿ ನನಗಾಗಿ ಕಾಯುತ್ತಿದ್ದಳು. ಒಡಿಶಾದವಳು. ಮೈಸೂರಿನಲ್ಲಿ ಎರಡು ವರ್ಷ ಓದಿದ್ದಳು, ಆಗಿನಿಂದ ನನ್ನನ್ನು 'ಅಕ್ಕಾ' ಅಂತಲೇ ಕರೆಯುತ್ತಾಳೆ. ಬುಡಕಟ್ಟು ಮಕ್ಕಳ ಶಾಲೆಗಳಲ್ಲಿ ಕೆಲಸ ಮಾಡುತ್ತಾಳೆ. "ಒಂದು ಸಲ ಬಂದು ನೋಡು ಅಕ್ಕಾ" ಅಂತ ನಾಲ್ಕು ವರ್ಷದಿಂದ ಹೇಳುತ್ತಿದ್ದಳು.

ನಾನು ಯಾಕೆ ಬಂದೆ ಅಂತ ಇಲ್ಲೇ ಹೇಳಿಬಿಡುತ್ತೇನೆ. ನಾನು ವಿಜಯನಗರ ಜಿಲ್ಲೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನಮ್ಮಲ್ಲಿ ಅರ್ಧದಷ್ಟು ಮಕ್ಕಳು ತಾಂಡಾದಿಂದ ಬರುತ್ತಾರೆ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ನಾನು ಕೆಲಸಕ್ಕೆ ಸೇರಿದ ಮೂರನೇ ವರ್ಷ ಒಂದನೇ ಕ್ಲಾಸಿನ ಒಬ್ಬ ಹುಡುಗಿ ಇಡೀ ವರ್ಷ ಬಾಯಿ ಬಿಡಲಿಲ್ಲ. 'ಕಲಿಕೆಯಲ್ಲಿ ಹಿಂದೆ' ಅಂತ ಬರೆದೆ. ಒಂದು ದಿನ ಸಂಜೆ ತಾಂಡಾ ದಾಟಿ ಹೋಗುವಾಗ ಅದೇ ಹುಡುಗಿ ಕಟ್ಟೆ ಮೇಲೆ ನಿಂತು, ಕೈ ಬೀಸಿ ಬೀಸಿ, ಏಳೆಂಟು ಮಕ್ಕಳಿಗೆ ಏನೋ ಕಥೆ ಹೇಳುತ್ತಿದ್ದಳು. ಮಕ್ಕಳೆಲ್ಲ ಬಾಯಿ ತೆರೆದುಕೊಂಡು ಕೇಳುತ್ತಿದ್ದರು. ನನ್ನನ್ನು ನೋಡಿದ ಕೂಡಲೇ ನಿಲ್ಲಿಸಿಬಿಟ್ಟಳು. ಆ ನಿಲ್ಲಿಸಿದ್ದು ನನಗೆ ಇವತ್ತಿಗೂ ಮರೆತಿಲ್ಲ.

ಪಾರಳಾಖೆಮುಂಡಿ ನೋಡಬೇಕು ಅಂತ ಅನ್ನಿಸಲು ಇನ್ನೊಂದು ಕಾರಣ ಗಿಡುಗು ವೆಂಕಟ ರಾಮಮೂರ್ತಿ. ತೆಲುಗರು ಅವರ ಹುಟ್ಟಿದ ದಿನ, ಆಗಸ್ಟ್ 29ನ್ನು, ತೆಲುಗು ಭಾಷಾ ದಿನ ಅಂತ ಆಚರಿಸುತ್ತಾರೆ. ಜನ ಆಡುವ ತೆಲುಗಿನಲ್ಲೇ ಬರೆಯಬೇಕು ಅಂತ ಹೋರಾಡಿದವರು ಅವರು. ಆದರೆ ಇದೇ ಊರಿನಲ್ಲಿ ಮೇಷ್ಟ್ರಾಗಿದ್ದಾಗ ಅವರು ಮಾಡಿದ ಇನ್ನೊಂದು ಕೆಲಸ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಬೆಟ್ಟದ ಸವರರಿಂದ ಅವರ ಮಾತು ಕಲಿತರು. ಸವರ ಮಕ್ಕಳಿಗೆ ಅವರದೇ ಮಾತಿನಲ್ಲಿ ಪಾಠದ ಪುಸ್ತಕ ಬರೆದರು, ಶಾಲೆ ತೆರೆದರು. 1931ರಲ್ಲಿ ಸವರ ವ್ಯಾಕರಣ, 1938ರಲ್ಲಿ ಪದಕೋಶ ಅಚ್ಚಾಯಿತು. ತನ್ನ ಭಾಷೆಯ ಮೇಲಿನ ಪ್ರೀತಿ ಪಕ್ಕದವರ ಭಾಷೆಯ ತನಕ ಹೋಗಬಹುದು ಅನ್ನುವುದಕ್ಕೆ ನನಗೆ ಗೊತ್ತಿರುವ ದೊಡ್ಡ ಉದಾಹರಣೆ ಅವರೇ. ರಾತ್ರಿ ಊಟಕ್ಕೆ ಕೂತಾಗ ಈ ಮಾತೇ ಜಾಸ್ತಿ ಆಯಿತು.

ಸೋಮವಾರ: ಸವರರ ಬೆಟ್ಟ

ಬೆಳಿಗ್ಗೆ ಸೆರಂಗೋ ಕಡೆಗೆ ಜೀಪು. ಜನವರಿಯ ಮಂಜು ಇನ್ನೂ ಕರಗಿರಲಿಲ್ಲ. ದಾರಿಯುದ್ದಕ್ಕೂ ಕೊಯ್ದ ತೊಗರಿಯ ಹೊರೆ ಹೊತ್ತ ಹೆಂಗಸರು. ಬೈನೆ ಮರಗಳಿಗೆ ಮಡಕೆ ಕಟ್ಟಿದ್ದರು. ಇಲ್ಲಿ ಆ ಮರಕ್ಕೆ ಸಲಪ ಅನ್ನುತ್ತಾರೆ. ಒಂದು ಕಡೆ ನಿಲ್ಲಿಸಿ ರಾಗಿ ಅಂಬಲಿ ಕುಡಿದೆವು. ನಮ್ಮ ಕಡೆಯದ್ದೇ ರುಚಿ, ಸ್ವಲ್ಪ ಹುಳಿ ಜಾಸ್ತಿ.

ಶಾಲೆ ಎರಡೇ ಕೋಣೆಯದ್ದು. ಒಂದನೇ ಕ್ಲಾಸಿನಲ್ಲಿ ಹದಿನೇಳು ಮಕ್ಕಳು ನೆಲದ ಮೇಲೆ ಕೂತಿದ್ದರು. ಟೀಚರ್ ಪಕ್ಕದ ಹಳ್ಳಿಯ ಸವರ ಹೆಣ್ಣುಮಗಳು, ವಯಸ್ಸು ಇಪ್ಪತ್ತೈದರ ಆಸುಪಾಸು. ಮಕ್ಕಳು 'ಗುರುಮಾ' ಅಂತ ಕರೆಯುತ್ತಿದ್ದರು. ಒಡಿಯಾದಲ್ಲಿ ಮೇಡಂಗೆ ಹಾಗನ್ನುತ್ತಾರೆ. ನಾನು ಹೋದಾಗ ಲೆಕ್ಕ ನಡೆಯುತ್ತಿತ್ತು. ಪ್ರತಿ ಮಗುವಿನ ಮುಂದೆ ಹುಣಸೆ ಬೀಜದ ಗುಡ್ಡೆ.

ಗುರುಮಾ ಬೋರ್ಡಿನ ಮೇಲೆ 14 ಅಂತ ಬರೆದು, ಅಷ್ಟು ಬೀಜ ಇಡಿ ಅಂದರು. ನನ್ನ ಹತ್ತಿರ ಕೂತಿದ್ದ ಹುಡುಗ ಒಂದೊಂದೇ ಬೀಜ ಎಣಿಸಿ ಒಂದು ಗುಂಪು ಮಾಡಿದ. ಪಕ್ಕದಲ್ಲಿ ಎರಡು ಬೀಜ ಬೇರೆ ಇಟ್ಟ. ನಾನು ಮನಸ್ಸಿನಲ್ಲೇ 'ಹತ್ತು, ನಾಲ್ಕು ಇಡಬೇಕಿತ್ತಲ್ಲ, ತಪ್ಪಿದ' ಅಂದುಕೊಂಡೆ. ಗೆಳತಿ ನನ್ನ ಮುಖ ನೋಡಿ, "ಗುಂಪು ಎಣಿಸು ಅಕ್ಕಾ" ಅಂದಳು. ಎಣಿಸಿದೆ. ಹನ್ನೆರಡು ಇತ್ತು. ಹನ್ನೆರಡರ ಮೇಲೆ ಎರಡು.

ಸವರರು ಹಾಗೆಯೇ ಎಣಿಸುವುದು. ಹನ್ನೆರಡಕ್ಕೆ ಅವರಲ್ಲಿ 'ಮಿಗ್ಗೆಲ್'. ಹದಿಮೂರು ಅಂದರೆ ಹನ್ನೆರಡರ ಮೇಲೆ ಒಂದು, ಹದಿನಾಲ್ಕು ಅಂದರೆ 'ಮಿಗ್ಗೆಲ್‌ಬಾಗು', ಹನ್ನೆರಡರ ಮೇಲೆ ಎರಡು. ಇಪ್ಪತ್ತಕ್ಕೆ ಬಂದಾಗ ಇನ್ನೊಂದು ಗಂಟು. ಮೂವತ್ತೈದು ಅನ್ನಬೇಕಾದರೆ ಒಂದು ಇಪ್ಪತ್ತು, ಒಂದು ಹನ್ನೆರಡು, ಮೂರು. ಐದು ವರ್ಷದ ಮಗು ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಂಡು ಶಾಲೆಗೆ ಬರುತ್ತದೆ. ನಾವು ಹತ್ತರ ಕಟ್ಟು ಮಾಡು ಅಂತೀವಿ. ಮಗು ಹನ್ನೆರಡರ ಕಟ್ಟು ಮಾಡುತ್ತದೆ. ಸವರ ಬಾರದ ಟೀಚರ್ ಕೆಂಪು ಪೆನ್ನು ತೆಗೆಯುತ್ತಾರೆ.

ಗುರುಮಾ ಏನು ಮಾಡಿದರು ಅಂದರೆ, ಮೊದಲು ಆ ಹುಡುಗನಿಗೆ ಸರಿ ಅಂದರು. ಸವರದಲ್ಲಿ ಅವನ ಸಂಖ್ಯೆಯನ್ನು ಜೋರಾಗಿ ಹೇಳಿಸಿದರು. ಆಮೇಲೆ, "ಇದು ಮನೆಯ ಕಟ್ಟು. ಈಗ ಪುಸ್ತಕದ ಕಟ್ಟು ಮಾಡೋಣ" ಅಂತ ಹನ್ನೆರಡರ ಗುಂಪಿನಿಂದ ಎರಡು ಬೀಜ ಎತ್ತಿ ಆ ಕಡೆಯ ಎರಡಕ್ಕೆ ಸೇರಿಸಿದರು. ಈ ಕಡೆ ಹತ್ತು, ಆ ಕಡೆ ನಾಲ್ಕು. ಬೀಜ ಅಷ್ಟೇ ಇದೆ, ಕಟ್ಟು ಬದಲಾಯಿತು. ಹುಡುಗ ಬೀಜಗಳನ್ನು ಹಿಂದಕ್ಕೆ ಇಟ್ಟ, ಮತ್ತೆ ಮುಂದಕ್ಕೆ ಇಟ್ಟ. ಮೂರು ನಾಲ್ಕು ಸಲ ಹಾಗೇ ಮಾಡಿದ. ಬೋರ್ಡಿನ ಮೇಲಿನ 1 ಯಾಕೆ ಬರೀ ಒಂದಲ್ಲ ಅಂತ ಅವನಿಗೆ ಆಗ ಹೊಳೆದಿರಬೇಕು. ಸ್ಥಾನಬೆಲೆ ಕಲಿಸಲು ನಾನು ಹದಿನಾಲ್ಕು ವರ್ಷದಲ್ಲಿ ಎಷ್ಟು ಕಡ್ಡಿ ಕಟ್ಟಿದ್ದೇನೋ! ಇಷ್ಟು ಚೆನ್ನಾಗಿ ಒಮ್ಮೆಯೂ ಕಲಿಸಿಲ್ಲ. ಎರಡು ಭಾಷೆ ಇದ್ದಿದ್ದರಿಂದಲೇ ಆ ಹುಡುಗನಿಗೆ ಅದು ಅಷ್ಟು ಬೇಗ ಸಿಕ್ಕಿತು.

ಮಧ್ಯಾಹ್ನ ಕಥೆಯ ಹೊತ್ತು. ಎರಡು ಅಡಿ ಅಗಲದ ದೊಡ್ಡ ಪುಸ್ತಕ, ಪುಟಕ್ಕೊಂದು ಚಿತ್ರ, ಕೆಳಗೆ ಒಂದೇ ಸಾಲು. ಭಾಷೆ ಸವರ, ಲಿಪಿ ಒಡಿಯಾ. ಮೊದಲು ಚಿತ್ರ ತೋರಿಸಿ ಮಕ್ಕಳಿಂದಲೇ ಮಾತಾಡಿಸುತ್ತಾರೆ. ಆಮೇಲೆ ಓದುತ್ತಾರೆ. ಬೇರೆ ಹೊತ್ತಿನಲ್ಲಿ ಅಕ್ಷರ, ಪದ ತಿದ್ದುವ ಪಾಠ. ಒಂದು ಕಡೆ ಅರ್ಥ, ಇನ್ನೊಂದು ಕಡೆ ಅಕ್ಷರ, ಎರಡೂ ಜೊತೆಜೊತೆಗೆ ಸಾಗುತ್ತವೆ. ಪಾಠಗಳ ಸಾಲು ಕೂಡ ಊರಿನ ಕ್ಯಾಲೆಂಡರ್ ನೋಡಿಯೇ ಹಾಕಿದ್ದು. ಬಿತ್ತನೆ ಹೊತ್ತಿನಲ್ಲಿ ಬಿತ್ತನೆಯ ಪಾಠ, ಸಂತೆ, ಹಬ್ಬ, ಕಾಡು. ಚಿತ್ರಗಳು ಅವರ ಮನೆ ಗೋಡೆ ಮೇಲೆ ಬಿಡಿಸುವ ಸಣ್ಣ ಸಣ್ಣ ಮನುಷ್ಯರ ಚಿತ್ರಗಳ ಹಾಗೇ ಇದ್ದವು.

ರಾತ್ರಿ ಗೆಳತಿ ಇದರ ಹಿನ್ನೆಲೆ ಹೇಳಿದಳು. ಒಡಿಶಾದಲ್ಲಿ 62 ಬುಡಕಟ್ಟುಗಳಿವೆ. 2011ರ ಜನಗಣತಿ ಪ್ರಕಾರ ರಾಜ್ಯದ ಜನರಲ್ಲಿ ನೂರಕ್ಕೆ ಸುಮಾರು 23 ಮಂದಿ ಬುಡಕಟ್ಟಿನವರು. 2007ರ ಸುಮಾರಿಗೆ ಸವರ, ಕುಯಿ, ಕುವಿ, ಸಂತಾಲಿ, ಜುವಾಂಗ್, ಬೊಂಡಾ, ಕೋಯಾ ಹೀಗೆ ಹತ್ತು ಭಾಷೆಗಳಲ್ಲಿ ಈ ಶಾಲೆಗಳು ಶುರುವಾದವು. ಆಮೇಲೆ ಭಾಷೆಗಳ ಸಂಖ್ಯೆ 21ಕ್ಕೆ ಏರಿತು. ಎಲ್ಲರೂ ಇದಕ್ಕೆ ಎಂಎಲ್‌ಇ, ಅಂದರೆ ಬಹುಭಾಷಾ ಶಿಕ್ಷಣ, ಅನ್ನುತ್ತಾರೆ. ಒಂದನೇ ಕ್ಲಾಸಿನಲ್ಲಿ ಓದು, ಬರಹ, ಲೆಕ್ಕ ಎಲ್ಲ ಮನೆ ಮಾತಿನಲ್ಲೇ. ಎರಡರಿಂದ ಒಡಿಯಾ ಸೇರುತ್ತದೆ. ಮೊದಲು ಕಿವಿಗೆ, ಬಾಯಿಗೆ, ಆಮೇಲೆ ಕಣ್ಣಿಗೆ, ಕೈಗೆ. ಮೂರರಿಂದ ಇಂಗ್ಲಿಷ್. ಲಿಪಿ ಒಡಿಯಾದ್ದೇ ಆಗಿರುವುದರಿಂದ ಸವರ ಓದಲು ಕಲಿತ ಮಗು ಒಡಿಯಾ ಓದಲು ಮತ್ತೆ ಮೊದಲಿಂದ ಶುರು ಮಾಡಬೇಕಿಲ್ಲ. 'ಒಡಿಯಾ ಬಿಡಿಸುತ್ತಾರೆ' ಅಂತ ದೂರುವವರಿಗೆ ಈ ಏರ್ಪಾಡು ಗೊತ್ತಿಲ್ಲ ಅಷ್ಟೇ.

"ಎರಡು ಭಾಷೆ ಆದರೆ ಮಕ್ಕಳ ತಲೆ ಗೊಂದಲ ಆಗಲ್ವಾ?" ಅಂತ ನಾನೇ ಕೇಳಿದೆ. ನಮ್ಮಲ್ಲಿ ಎಲ್ಲರೂ ಕೇಳುವ ಪ್ರಶ್ನೆ. ಅದಕ್ಕೆ ಅವಳು ಮನಶ್ಶಾಸ್ತ್ರಜ್ಞ ಅಜಿತ್ ಮೊಹಾಂತಿಯವರ ಕೆಲಸ ನೆನಪಿಸಿದಳು. ಇದೇ ಒಡಿಶಾದ ಕಂಧಮಾಲ್ ಕಡೆ, ಆಗಿನ ಫುಲ್ಬಾನಿ ಜಿಲ್ಲೆಯಲ್ಲಿ, ಕೊಂಧ ಜನರಲ್ಲಿ ಕೆಲವರು ಕುಯಿ, ಒಡಿಯಾ ಎರಡೂ ಆಡುತ್ತಾರೆ. ಇನ್ನು ಕೆಲವರು ಕುಯಿ ಬಿಟ್ಟು ಬರೀ ಒಡಿಯಾ ಆಡುತ್ತಾರೆ. ಜನ ಅದೇ, ಬಡತನ ಅದೇ, ಬದುಕು ಅದೇ. ಮೊಹಾಂತಿ ಈ ಎರಡೂ ಕಡೆಯ ಮಕ್ಕಳನ್ನು ಹೋಲಿಸಿ ನೋಡಿದರು. ಭಾಷೆಯ ಬಗ್ಗೆ ಯೋಚಿಸುವುದರಲ್ಲಿ, ಬುದ್ಧಿಯ ಪರೀಕ್ಷೆಗಳಲ್ಲಿ ಎರಡು ಭಾಷೆಯ ಮಕ್ಕಳೇ ಮುಂದಿದ್ದರು. ನನಗೆ ಆ ಹುಣಸೆ ಬೀಜ ಹಿಂದೆ ಮುಂದೆ ಮಾಡುತ್ತಿದ್ದ ಹುಡುಗನೇ ಕಣ್ಣ ಮುಂದೆ ಬಂದ.

ಮಂಗಳವಾರ: ಗುಣುಪುರ, ಮರಿಚಿಗುಡಾ

ಗುಣುಪುರಕ್ಕೆ ರೈಲಿನಲ್ಲಿ ಹೋದೆವು. ಪಾರಳಾಖೆಮುಂಡಿಯ ರಾಜರ ಕಾಲದ ಸಣ್ಣ ಗೇಜ್ ದಾರಿ ಇದು, ಈಗ ದೊಡ್ಡ ಗೇಜ್ ಆಗಿದೆ. ವಂಶಧಾರಾ ನದಿ ಅಲ್ಲಲ್ಲಿ ಕಾಣುತ್ತದೆ.

ಗುಣುಪುರದ ಹತ್ತಿರದ ಮರಿಚಿಗುಡಾದಲ್ಲಿ ಅಕ್ಷರಗಳಿಗೆ ಪೂಜೆ ನಡೆಯುತ್ತದೆ. 1936ರ ಜೂನ್‌ನಲ್ಲಿ ಮಂಗೇಯಿ ಗೊಮಾಂಗೊ ಅನ್ನುವವರು ಸವರ ಭಾಷೆಗೆ 24 ಅಕ್ಷರಗಳ ಲಿಪಿ ಕೊಟ್ಟರು. ಹೆಸರು ಸೊರಾಂಗ್ ಸೊಂಪೆಂಗ್. ಒಂದೊಂದು ಅಕ್ಷರಕ್ಕೂ ಒಂದೊಂದು ದೇವರು. ಗುಡಿಯ ಮುಂದೆ ಚಪ್ಪಲಿ ಬಿಟ್ಟು ನಿಂತೆವು. ಒಬ್ಬ ಮುದುಕರು ನನ್ನ ನೋಟ್‌ಬುಕ್ ತೆಗೆದುಕೊಂಡು ಆ ಲಿಪಿಯಲ್ಲಿ ಏನೋ ಬರೆದರು. ನಿಧಾನವಾಗಿ, ಪ್ರತಿ ಅಕ್ಷರ ಮುಗಿದ ಮೇಲೂ ಒಂದು ಕ್ಷಣ ನಿಂತು. ನನ್ನ ಊರಿನ ಹೆಸರಂತೆ. ಹಗರಿಬೊಮ್ಮನಹಳ್ಳಿ ಅನ್ನುವುದನ್ನು ಅವರು ನನ್ನಿಂದ ಮೂರು ಸಲ ಹೇಳಿಸಿಕೊಂಡಿದ್ದರು.

ಶಾಲೆಯ ಪುಸ್ತಕ ಒಡಿಯಾ ಲಿಪಿಯಲ್ಲಿ ಇರುವುದು ಅವರಿಗೆ ಸಮಾಧಾನ ಇಲ್ಲ. ಗೆಳತಿ ಮಕ್ಕಳಿಗೆ ಅದು ಸುಲಭ ಅಂತ ವಿವರಿಸಿದಳು. ಅವರು ತಲೆ ಆಡಿಸಿದರು, ಒಪ್ಪಲಿಲ್ಲ. ನನಗೆ ಇಬ್ಬರೂ ಸರಿ ಅನ್ನಿಸಿತು. ಒಂದನೇ ಕ್ಲಾಸಿಗೆ ಒಂದೇ ಲಿಪಿ ಸಾಕು, ಅದು ಟೀಚರಾಗಿ ನನ್ನ ಅಭಿಪ್ರಾಯ. ಆದರೆ ಮೂರನೆಯದೋ ನಾಲ್ಕನೆಯದೋ ಕ್ಲಾಸಿನಲ್ಲಿ ಈ 24 ಅಕ್ಷರ ಕಲಿಸಲು ಏನು ಕಷ್ಟ? ಮಕ್ಕಳು ಒಂದು ವಾರದಲ್ಲಿ ಕಲಿಯುತ್ತಾರೆ.

ವಾಪಸ್ ಬರುವಾಗ ಇಸವಿಗಳು ತಲೆಯಲ್ಲಿ ಓಡುತ್ತಿದ್ದವು. ಒಡಿಶಾ ಪ್ರಾಂತ್ಯ ಹುಟ್ಟಿದ್ದು 1936ರ ಏಪ್ರಿಲ್ 1ಕ್ಕೆ. ಒಡಿಯಾ ಮಾತಾಡುವವರಿಗೆ ಒಂದು ಪ್ರಾಂತ್ಯ ಬೇಕು ಅಂತ ದಶಕಗಳ ಕಾಲ ದುಡಿದು ಪಡೆದದ್ದು. ಅದಾದ ಮೂರು ತಿಂಗಳೊಳಗೆ ಅದೇ ಪ್ರಾಂತ್ಯದ ಒಂದು ಬೆಟ್ಟದಲ್ಲಿ ಒಂದು ಸಣ್ಣ ಭಾಷೆ ತನ್ನ ಅಕ್ಷರ ಹುಡುಕಿಕೊಂಡಿತು.

ನಮ್ಮದೂ ಹಾಗೆಯೇ ಇದೆ. 1956ರ ನವೆಂಬರ್ 1 ನಮಗೆ ಏನು ಅಂತ ಹೇಳಬೇಕಿಲ್ಲ. ನಾನೇ ಪ್ರತಿ ವರ್ಷ ಮಕ್ಕಳಿಗೆ ಹಳದಿ ಕೆಂಪು ಬಾವುಟ ಕಟ್ಟಿಸುತ್ತೇನೆ. ಅವತ್ತು ಜಾರಿಗೆ ಬಂದ ಸಂವಿಧಾನದ ಏಳನೇ ತಿದ್ದುಪಡಿಯಲ್ಲೇ 350ಎ ಅನ್ನುವ ವಿಧಿಯೂ ಇದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯಲು ಸಾಕಷ್ಟು ಅನುಕೂಲ ಮಾಡಿಕೊಡಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಅನ್ನುತ್ತದೆ ಅದು. ನಮಗೆ ನಮ್ಮ ರಾಜ್ಯ ಸಿಕ್ಕ ದಿನವೇ ನಮ್ಮೊಳಗಿನ ಲಂಬಾಣಿ ಮಗುವಿಗೂ ಒಂದು ಮಾತು ಕೊಟ್ಟಿದ್ದೆವು. ಮೊದಲರ್ಧ ನೆನಪಿಟ್ಟುಕೊಂಡು ಎರಡನೆಯ ಅರ್ಧ ಮರೆತೆವು ಅಲ್ವಾ?

ಸಂಜೆ ಬಿಸ್ಸಮ್ ಕಟಕ್‌ಗೆ ಬಸ್ಸು. ಕತ್ತಲಾಗಿತ್ತು, ಏನೂ ನೋಡಲಿಲ್ಲ.

ಬುಧವಾರ: ಚಾಟಿಕೋಣಾ ಸಂತೆ

ಬುಧವಾರ ಚಾಟಿಕೋಣಾದಲ್ಲಿ ಸಂತೆ. ನಿಯಮಗಿರಿಯಿಂದ ಡೋಂಗ್ರಿಯಾ ಕೊಂಧರು ಬೆಳಗಾಗುವುದರೊಳಗೆ ಇಳಿದು ಬರುತ್ತಾರೆ. ಹೆಂಗಸರ ತಲೆ ತುಂಬಾ ಕ್ಲಿಪ್ಪು, ಹೆಗಲ ಮೇಲೆ ಬಿಳಿ ಬಟ್ಟೆಗೆ ಕೆಂಪು, ಹಸಿರು ದಾರದ ಕಸೂತಿ ಹಾಕಿದ ಕಪಡಾಗಂಡಾ. ಅರಿಶಿನ, ಶುಂಠಿ, ಹುಣಸೆ, ಪೊರಕೆ. 2013ರಲ್ಲಿ ಇದೇ ಬೆಟ್ಟದ 12 ಹಳ್ಳಿಗಳ ಗ್ರಾಮಸಭೆಗಳು ಒಂದಾದ ಮೇಲೊಂದು ಗಣಿಗಾರಿಕೆ ಬೇಡ ಅಂದವು. ಶಾಲೆ ಕಂಡಿರದ ಹಿರಿಯರು ಜಿಲ್ಲಾ ನ್ಯಾಯಾಧೀಶರ ಮುಂದೆ ನಿಂತು ಬೆಟ್ಟ ಯಾಕೆ ಬೇಕು ಅಂತ ಹೇಳಿದರು. ಆ ಮಾತಿನ ಶಕ್ತಿಯ ಬಗ್ಗೆ ಯಾರಿಗೂ ಅನುಮಾನ ಬೇಡ.

ಇವರ ಭಾಷೆ ಕುವಿ. ಸವರ ಮುಂಡಾ ಕುಟುಂಬದ್ದು, ಅದು ನನಗೆ ಒಂದಕ್ಷರ ತಿಳಿಯಲಿಲ್ಲ. ಕುವಿ ನಮ್ಮದೇ ದ್ರಾವಿಡ ಬಳಗ. ಸಂತೆಯ ಹತ್ತಿರದ ಒಂದು ಶಾಲೆಯಲ್ಲಿ ಮಕ್ಕಳ ಎದುರು ಕೂತು ನಾನು ಕಣ್ಣು ಮುಟ್ಟಿಕೊಂಡೆ. "ಕಣ್ಣು" ಅಂದರು. ನಾನೂ "ಕಣ್ಣು" ಅಂದೆ. ಹಲ್ಲು ತೋರಿಸಿದೆ. "ಪಲ್ಲು". ಹಳಗನ್ನಡದ 'ಪಲ್' ಒಂಬತ್ತು ವರ್ಷದ ಹುಡುಗಿಯ ಬಾಯಲ್ಲಿ! ಮನೆ ತೋರಿಸಿದೆ. "ಇಲ್ಲು". ಅದೂ ನಮ್ಮ ಹಳೆಯ ಪದವೇ. ಮಕ್ಕಳಿಗೆ ನಗುವೋ ನಗು. ಈ ಅಮ್ಮ ಎಲ್ಲಿಂದಲೋ ಬಂದು ನಮ್ಮ ಮಾತೇ ಆಡುತ್ತಾಳಲ್ಲ ಅಂತ. ನನಗೆ ಮಾತ್ರ ಗಂಟಲು ಕಟ್ಟಿತು. ಸಾವಿರ ಕಿಲೋಮೀಟರ್ ದೂರದಲ್ಲಿ ಯಾರೋ ಸಂಬಂಧಿಕರ ಮನೆಗೆ ಬಂದ ಹಾಗೆ.

ಈ ಮಕ್ಕಳು ಕುವಿಯನ್ನು ಒಡಿಯಾ ಲಿಪಿಯಲ್ಲಿ ಓದುತ್ತಾರೆ. ಗಡಿ ದಾಟಿದರೆ ಆಂಧ್ರದಲ್ಲಿ ಇದೇ ಕುವಿಗೆ ತೆಲುಗು ಲಿಪಿ. ಅಕ್ಕತಂಗಿಯರ ಮಕ್ಕಳು ಒಬ್ಬರ ಪುಸ್ತಕ ಒಬ್ಬರು ಓದಲಾರರು. ಗೊಂಡಿಗೂ ಇದೇ ಕಷ್ಟ ಇತ್ತು. ಬೇರೆ ಬೇರೆ ರಾಜ್ಯಗಳ ಗೊಂಡರು ಒಟ್ಟಿಗೆ ಕೂತು ಎಲ್ಲರಿಗೂ ಒಂದು ಪದಕೋಶ ಮಾಡಲು ನಮ್ಮ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೇ ಬಂದಿದ್ದರು. ನನ್ನ ಊರಿನಿಂದ ಅಷ್ಟು ಹತ್ತಿರ. ಅದನ್ನು ನಾನು ತಿಳಿದದ್ದು ಇಲ್ಲಿ, ಗೆಳತಿಯ ಬಾಯಿಂದ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವನ್ನು 1969ರಲ್ಲಿ ಮೊದಲ ನಿರ್ದೇಶಕರಾಗಿ ಕಟ್ಟಿದ ಡಿ.ಪಿ. ಪಟ್ಟನಾಯಕ್ ಕೂಡ ಒಡಿಶಾದವರೇ. ತಾಯ್ನುಡಿಯಲ್ಲಿ ಕಲಿಸಬೇಕು ಅಂತ ಬದುಕಿಡೀ ಹೇಳಿದವರು. ದಾರಿ ತೋರಿಸುವವರು ನಮ್ಮ ಬಳಿಯೇ ಇದ್ದರು.

ಎಲ್ಲವೂ ಚೆನ್ನಾಗಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಮಧ್ಯಾಹ್ನ ನೋಡಿದ ಇನ್ನೊಂದು ಶಾಲೆಯಲ್ಲಿ ಕುವಿ ಬಲ್ಲ ಟೀಚರ್ ವರ್ಗವಾಗಿ ಹೋಗಿದ್ದರು. ಬಂದವರಿಗೆ ಕುವಿ ಬರುವುದಿಲ್ಲ. ದೊಡ್ಡ ಪುಸ್ತಕಗಳು ಬೀರುವಿನಲ್ಲಿ ಇದ್ದವು. ಮಕ್ಕಳು ಬೋರ್ಡು ನೋಡಿ ಒಡಿಯಾ ಅಕ್ಷರ ಬರೆಯುತ್ತಿದ್ದರು, ದುಂಡಾಗಿ, ಚೆಂದವಾಗಿ. ಒಬ್ಬಳನ್ನು ಏನು ಬರೆದೆ ಅಂತ ಗೆಳತಿ ಕುವಿಯಲ್ಲಿ ಕೇಳಿದಳು. ಗೊತ್ತಿಲ್ಲ ಅಂದಳು. ನನ್ನ ಕ್ಲಾಸಿನ ಹುಡುಗಿಯ ಹಾಗೇ ಕೈ ಕಟ್ಟಿ ಕೂತಿದ್ದಳು. ಪುಸ್ತಕ ಎಷ್ಟೇ ಅಚ್ಚು ಹಾಕಿ, ಆ ಮಾತು ಬಲ್ಲ ಟೀಚರ್ ಇಲ್ಲದಿದ್ದರೆ ಏನೂ ಇಲ್ಲ. ಆ ಊರಿನ ಹುಡುಗ ಹುಡುಗಿಯರಿಗೇ ತರಬೇತಿ ಕೊಟ್ಟು, ಕಾಯಂ ಕೆಲಸ ಕೊಟ್ಟು, ಅಲ್ಲೇ ಉಳಿಸಬೇಕು.

ಸಂತೆಯಲ್ಲಿ ಅರಿಶಿನ ಮಾರುತ್ತಿದ್ದ ಒಬ್ಬ ಅಪ್ಪ ನೇರವಾಗಿ ಕೇಳಿದ. "ನಮ್ಮ ಮಾತು ಮಗನಿಗೆ ಬರುತ್ತೆ. ಅದನ್ನ ಶಾಲೆಯಲ್ಲಿ ಯಾಕೆ ಕಲಿಸಬೇಕು? ಒಡಿಯಾ ಕಲಿಸಿ, ಇಂಗ್ಲಿಷ್ ಕಲಿಸಿ. ತೂಕದಲ್ಲಿ ನನಗೆ ಮೋಸ ಮಾಡ್ತಾರೆ, ಅವನಿಗೆ ಮಾಡಬಾರದು." ಈ ಮಾತಿಗೆ ಯಾರೂ ಸಿಟ್ಟಾಗಬಾರದು. ಅವನು ಕೇಳುವುದು ನ್ಯಾಯ. ಗೆಳತಿ ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ತೂಕದ ಲೆಕ್ಕ ಅರ್ಥ ಆಗಬೇಕಾದರೆ ಮೊದಲು ಯಾವ ಮಾತಲ್ಲಿ ಹೇಳಬೇಕು ದಾದಾ?" ಅಂದಳು. ಅವನು ಸುಮ್ಮನಿದ್ದ. ಆಮೇಲೆ "ಒಡಿಯಾ ಗಟ್ಟಿಯಾಗಿ ಬರುತ್ತೆ ಅಂತ ನೀವು ತೋರಿಸಿ, ಆಗ ನೋಡೋಣ" ಅಂದ. ಅವನು ಹೇಳಿದ್ದೇ ಸರಿ. ತೋರಿಸಬೇಕಾದವರು ನಾವು. ಐದನೇ ಕ್ಲಾಸು ಮುಗಿಸಿದ ಮಗು ಒಡಿಯಾ ಪೇಪರ್ ಓದಿ ಅಪ್ಪನಿಗೆ ಕುವಿಯಲ್ಲಿ ಹೇಳಿದರೆ ಸಂತೆಯಲ್ಲಿ ಯಾರೂ ಈ ಪ್ರಶ್ನೆ ಕೇಳುವುದಿಲ್ಲ.

ಗುರುವಾರ: ವಿಜಯನಗರಂ ಸ್ಟೇಷನ್

ರಾಯಗಡಾದಿಂದ ವಿಜಯನಗರಂಗೆ ಬಂದು ಬೆಂಗಳೂರಿನ ರೈಲಿಗೆ ಕಾಯುತ್ತಾ ಕೂತೆ. ಚೀಲದಲ್ಲಿ ಒಂದು ಕಾಗದದ ಪೊಟ್ಟಣ. ಗುರುಮಾ ಕೊಟ್ಟ ಹುಣಸೆ ಬೀಜ.

ಲಂಬಾಣಿ ಪಠ್ಯಪುಸ್ತಕ ಮಾಡುವುದು ನನ್ನ ಒಬ್ಬಳ ಕೈಲಿ ಇಲ್ಲ. ಆದರೆ ಒಂದನೇ ಕ್ಲಾಸಿನ ಬಾಗಿಲು ನನ್ನ ಕೈಲಿದೆ. ನೋಟ್‌ಬುಕ್ಕಿನಲ್ಲಿ ನನಗೆ ಗೊತ್ತಿರುವ ಲಂಬಾಣಿ ಪದ ಬರೆಯಲು ಕೂತೆ. ಯಾಡಿ, ಪಾಣಿ, ಬಾಟಿ. ಹದಿನಾಲ್ಕು ವರ್ಷ ಆ ಮಕ್ಕಳ ಮಧ್ಯೆ ಇದ್ದು ಒಂದು ಪುಟವೂ ತುಂಬಲಿಲ್ಲ. ನಾಚಿಕೆ ಆಯಿತು.

ತಾಂಡಾದ ಒಬ್ಬ ಅಜ್ಜಿಗೆ ಫೋನ್ ಮಾಡಿದೆ. ಇಬ್ಬರು ಮೊಮ್ಮಕ್ಕಳು ನಮ್ಮ ಶಾಲೆಯಲ್ಲೇ ಓದುತ್ತಾರೆ. ಒಳ್ಳೆ ಕಥೆಗಾರ್ತಿ.

"ಸಾಲ್ಯಾಗ ನಮ್ಮ ಮಾತಿನ್ಯಾಗ ಕತಿ ಹೇಳ್ಬೇಕಾ ಅಕ್ಕೋರ? ಕನ್ನಡದಾಗ ಹೇಳಾಕ ನನಗ ಬರಂಗಿಲ್ಲ ಮತ್ತ."

"ನಿಮ್ಮ ಮಾತಿನಲ್ಲೇ ಹೇಳಬೇಕು ಅವ್ವಾ. ಕನ್ನಡದಲ್ಲಿ ಹುಡುಗರು ನನಗೆ ಹೇಳ್ತಾರೆ."

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಲೈನ್ ಹೋಯಿತೇನೋ ಅಂದುಕೊಂಡೆ.

"ಶನಿವಾರ ಮುಂಜಾನಿ ಸಾಲಿ ಐತಲ್ಲ? ಎಷ್ಟೊತ್ತಿಗೆ ಬರ್ಲಿ?"